ಗೀತೆ ಓದಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

‘ಗೀತೆ ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟೆ, ಹೇಗೆ ಓದಬೇಕು ಹೇಳು’ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ನಾನು ಶಿರಸಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿದ್ದೆ. ಈಗ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ನಿಧಾನವಾಗಿ ಬರೆಯುತ್ತೇನೆ.

ನಾನು ಮೊದಲ ಸಲ ದಿನಕ್ಕೊಂದು ಅಧ್ಯಾಯದಂತೆ 18 ದಿನಕ್ಕೆ 700 ಶ್ಲೋಕ ಮುಗಿಸಿದೆ. ಏನು ಓದಿದೆ ಅಂತ ಆಯಿ ಕೇಳಿದರೆ ಹೇಳಲು ಏನೂ ಇರಲಿಲ್ಲ. ಪಾರಾಯಣದ ಬೆಲೆ ಬೇರೆ. ಸ್ವರ್ಣವಲ್ಲಿ ಮಠದ ಗೀತಾ ಅಭಿಯಾನದಲ್ಲಿ ಮಕ್ಕಳು ಒಟ್ಟಿಗೆ ಶ್ಲೋಕ ಹೇಳುವುದನ್ನು ಕೇಳಿದರೆ ನನಗೆ ಕಣ್ಣು ತುಂಬುತ್ತದೆ. ಆದರೆ ನೀನು ಕೇಳುತ್ತಿರುವುದು ಅದಲ್ಲ, ಅಲ್ವಾ?

ಒಂದನೇ ಅಧ್ಯಾಯ ಹಾರಿಸಬೇಡ. ಕೃಷ್ಣನ ಉಪದೇಶ ಶುರುವಾಗುವುದೇ ಎರಡನೇ ಅಧ್ಯಾಯದ 11ನೇ ಶ್ಲೋಕದಿಂದ, ಹಾಗಾಗಿ ಜಾಸ್ತಿ ಜನ ಅಲ್ಲಿಗೇ ಓಡುತ್ತಾರೆ. ಅದಕ್ಕೂ ಮೊದಲು ಅರ್ಜುನ ಏನು ಹೇಳುತ್ತಾನೆ ನೋಡು. ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲೂ ಆಗುತ್ತಿಲ್ಲ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿ ನೀನು ಗೋಡೆ ಹಿಡಿದು ನಿಂತು ‘ಕಾಲಲ್ಲಿ ಬಲವೇ ಇಲ್ಲ ಮಾರಾಯ’ ಎಂದಿದ್ದು ನನಗೆ ನೆನಪಿದೆ. ಆ ರಾತ್ರಿಯನ್ನು ಜೊತೆಗಿಟ್ಟುಕೊಂಡು ಈ ಅಧ್ಯಾಯ ಓದು.

ಆಮೇಲೆ ಅರ್ಜುನನ ಪ್ರಶ್ನೆಗಳನ್ನು ಹಿಡಿದು ಮುಂದೆ ಹೋಗು. ಅವನು ಸುಮ್ನೆ ತಲೆಯಾಡಿಸುವವನಲ್ಲ. ಮೂರನೇ ಅಧ್ಯಾಯದ ಮೊದಲಲ್ಲೇ, ನಿನ್ನ ಮಾತಿನಿಂದ ನನ್ನ ಬುದ್ಧಿ ಗೊಂದಲಕ್ಕೆ ಬೀಳುತ್ತಿದೆ, ಒಂದನ್ನು ಖಚಿತವಾಗಿ ಹೇಳು ಎನ್ನುತ್ತಾನೆ. ಅದೇ ಅಧ್ಯಾಯದ 36ನೇ ಶ್ಲೋಕದಲ್ಲಿ, ಮನುಷ್ಯ ಬೇಡವೆಂದರೂ ಯಾರೋ ಎಳೆದುಕೊಂಡು ಹೋದ ಹಾಗೆ ಪಾಪ ಮಾಡುವುದೇಕೆ ಎಂದು ಕೇಳುತ್ತಾನೆ. ಆರನೆಯದರಲ್ಲಿ, ಮನಸ್ಸು ಹಿಡಿಯುವುದೂ ಗಾಳಿ ಹಿಡಿಯುವುದೂ ಒಂದೇ ಎನ್ನುತ್ತಾನೆ. ಇವುಗಳಲ್ಲಿ ನಿನ್ನ ಪ್ರಶ್ನೆ ಯಾವುದೋ ಅಲ್ಲಿ ನಿಲ್ಲು. ತಾಳಮದ್ದಲೆ ನೆನಪು ಮಾಡಿಕೊ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡಿ ಬಿಡುತ್ತಾರೆ. ಪಾತ್ರದ ಮಾತು ಹೇಳುವ ಅರ್ಥಧಾರಿ ಆ ನಾಲ್ಕು ಸಾಲನ್ನೇ ಹಿಡಿದು ಮಾತಾಡುತ್ತಾರೆ, ಎದುರಿನವರು ಬಿಡದೆ ಪ್ರಶ್ನೆ ಹಾಕುತ್ತಾರೆ. ನಮ್ಮ ಜಿಲ್ಲೆಯಲ್ಲಿ ರಾತ್ರಿಯಿಡೀ ಕೂತು ಅದನ್ನು ಕೇಳಿದವರು ನಾವು. ಶ್ಲೋಕದ ಎದುರೂ ಹಾಗೇ ಕೂತುಕೊ.

ನನಗೆ ಸಿಕ್ಕಿಕೊಂಡಿದ್ದು ಎರಡನೇ ಅಧ್ಯಾಯದ 62 ಮತ್ತು 63. ‘ಧ್ಯಾಯತೋ ವಿಷಯಾನ್ ಪುಂಸಃ’ ಅಂತ ಶುರುವಾಗುತ್ತದೆ. ಒಂದು ವಿಷಯವನ್ನೇ ನೆನೆಯುತ್ತಿದ್ದರೆ ಅದಕ್ಕೆ ಅಂಟಿಕೊಳ್ಳುತ್ತೇವೆ, ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಆಮೇಲೆ ನೆನಪು ಕೆಡುತ್ತದೆ, ಬುದ್ಧಿ ಹೋಗುತ್ತದೆ. ಆ ವರ್ಷ ತೋಟದ ನೀರಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಬೆಳಿಗ್ಗೆ ಶ್ಲೋಕ ಓದಿ, ರಾತ್ರಿ ಅಡಿಕೆ ಸುಲಿಯಲು ಕೂತೆ. ಮೆಟ್ಟುಗತ್ತಿಗೆ ಕಾಯಿ ಒತ್ತುವುದು, ಸಿಪ್ಪೆ ಬಿಡಿಸುವುದು, ಅಡಿಕೆ ಬುಟ್ಟಿಗೆ ಹಾಕುವುದು. ಬೆರಳಿಗೆಲ್ಲ ಚೊಗರು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಮನಸ್ಸು ಶ್ಲೋಕವನ್ನು ಹಿಂದಿನಿಂದ ಓದುತ್ತಿತ್ತು. ಸಿಟ್ಟಿಗೆ ಮೊದಲು ಏನಿತ್ತು? ನನ್ನ ಸಾಲಿಗೇ ಮೊದಲು ನೀರು ಬರಬೇಕೆಂಬ ಆಸೆ. ಅದಕ್ಕೂ ಮೊದಲು? ಆರು ತಿಂಗಳು ದಿನಾ ಮಲಗುವಾಗ ಅದನ್ನೇ ನೆನೆದದ್ದು. ಜಗಳವಾದ ದಿನ ಅಣ್ಣ ಏನೂ ಹೊಸದು ಮಾಡಿರಲಿಲ್ಲ. ಮಾರನೇ ದಿನ ಅವನ ಮನೆಗೆ ಹೋಗಿ ಚಾ ಕುಡಿದು ಬಂದೆ.

ಹಿರಿಯರು ಶ್ರವಣ, ಮನನ, ನಿದಿಧ್ಯಾಸನ ಎನ್ನುತ್ತಾರಲ್ಲ, ಕೇಳುವುದು, ಕೇಳಿದ್ದನ್ನು ಯೋಚಿಸುವುದು, ಅದರಲ್ಲೇ ಮನಸ್ಸು ನಿಲ್ಲಿಸುವುದು, ಅದರಲ್ಲಿ ಮನನ ಅಂದರೆ ಏನೆಂದು ನನಗೆ ಗೊತ್ತಾಗಿದ್ದು ಆ ರಾತ್ರಿ. ನೀನು ಕಾರವಾರದಲ್ಲಿ ಸಂಜೆ ಕಡಲ ತಡಿಯಲ್ಲಿ ನಡೆಯುತ್ತೀಯಲ್ಲ, ಆ ಹೊತ್ತು ಸಾಕು. ಫೋನು ಮನೆಯಲ್ಲಿಡು.

ಭಾಷ್ಯಗಳನ್ನು ಮೊದಲೇ ಹಚ್ಚಿಕೊಳ್ಳಬೇಡ. ಪದಗಳ ಅರ್ಥ ಬಿಡಿಸಿ ಕೊಟ್ಟ ಸರಳ ಕನ್ನಡದ ಪುಸ್ತಕ ಸಾಕು. ಶಂಕರರು, ರಾಮಾನುಜರು, ಮಧ್ವರು ಇದೇ ಶ್ಲೋಕಗಳಿಗೆ ಬೇರೆ ಬೇರೆ ಅರ್ಥ ಹೇಳಿದ್ದಾರೆ. ಸೋಂದೆಗೆ ಬಂದರೆ ನಿನಗೇ ಕಾಣುತ್ತದೆ: ಅದ್ವೈತದ ಸ್ವರ್ಣವಲ್ಲಿ ಮಠವೂ ಅಲ್ಲೇ, ದ್ವೈತದ ವಾದಿರಾಜ ಮಠವೂ ಅಲ್ಲೇ. ಎರಡೂ ಕಡೆ ಗೀತೆ ಓದುತ್ತಾರೆ. ನಿನ್ನಲ್ಲಿ ಒಂದು ಪ್ರಶ್ನೆ ಗಟ್ಟಿಯಾದ ಮೇಲೆ ಹೋಗಿ ಕೇಳು. ಅರ್ಥವಾಗದ್ದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಮುಂದೆ ಹೋಗು, ನಾಚಿಕೆ ಬೇಡ. ನನ್ನ ಪುಸ್ತಕದಲ್ಲಿ ಹನ್ನೊಂದನೇ ಅಧ್ಯಾಯದ ತುಂಬ ಗೆರೆಗಳಿವೆ.

ಇನ್ನೊಂದು. ಹದಿನೆಂಟನೇ ಅಧ್ಯಾಯದಲ್ಲಿ, ಇಷ್ಟೆಲ್ಲ ಹೇಳಿದ ಮೇಲೆ ಕೃಷ್ಣ ಅರ್ಜುನನಿಗೆ ‘ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು’ ಎನ್ನುತ್ತಾನೆ. ಇದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ಸರಿ ಕಂಡಂತೆ ಮಾಡು ಅಂತ. ಓದುವಾಗ ಎಲ್ಲಾದರೂ ಹೆದರಿಕೆಯಾದರೆ ಈ ಪುಟ ತೆಗೆದು ನೋಡು.

ಮುಂದಿನ ತಿಂಗಳು ನಮ್ಮಲ್ಲಿ ಸುಲಿಯುವ ಕೆಲಸ ಶುರು. ಒಂದು ಶನಿವಾರ ಬಾ, ಪುಸ್ತಕ ತಾ. ನಿನಗೊಂದು ಮೆಟ್ಟುಗತ್ತಿ ತೆಗೆದಿಟ್ಟಿರುತ್ತೇನೆ. ನಿನ್ನ ಶ್ಲೋಕ ಯಾವುದು ಅಂತ ಅಲ್ಲಿ ಕೂತು ಹೇಳು.

ನಿನ್ನವ