ಜಗಲಿಯಲ್ಲಿ ಕೂತಿದ್ದವನ ಪತ್ರ

ಪುಟ್ಟೀ,

ಮೊನ್ನೆ ಫೋನಲ್ಲಿ ಆದದ್ದನ್ನು ಮತ್ತೆ ಎಳೆಯುವುದಿಲ್ಲ. ದೆಹಲಿಯ ಗಾಳಿ ಕೆಟ್ಟಿದೆ, ಅಲ್ಲಿಗೆ ಕೆಲಸಕ್ಕೆ ಹೋಗಬೇಡ ಅಂತ ನಾನು ದನಿ ಏರಿಸಿದ್ದು ತಪ್ಪು. ಆದರೆ ಫೋನ್ ಇಡುವ ಮುಂಚೆ ನೀನು, "ಅಮ್ಮನ ಎದೆ ಹಾಳಾಗಿದ್ದು ದೆಹಲಿಯಲ್ಲಾ ಅಪ್ಪ?" ಅಂದೆಯಲ್ಲ, ಅದಕ್ಕೆ ಉತ್ತರ ಸಿಗದೆ ಮೂರು ರಾತ್ರಿ ನಿದ್ದೆ ಬಂದಿಲ್ಲ.

ಡಾಕ್ಟರು ಅವಳಿಂದ ಕೊಳವೆ ಊದಿಸಿ ನೋಡಿ, ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘ ಕಾಯಿಲೆ ಅಂತ ಬರೆಯುವ ಮುಂಚೆ "ಬೀಡಿ ಸೇದ್ತಿದ್ರಾ?" ಅಂತ ಕೇಳಿದರು. ನಿಮ್ಮಮ್ಮ ಸೆರಗು ಅಡ್ಡ ಹಿಡಿದು ನಕ್ಕಳು, ನಗುವೇ ಕೆಮ್ಮಾಯಿತು. ಆಮೇಲೆ "ಸೌದೆ ಒಲೆಯಾ, ಎಷ್ಟು ವರ್ಷ?" ಅಂದರು. ಅವಳು ಮಾತಾಡಲಿಲ್ಲ. ನನ್ನ ಕಡೆ ನೋಡಿದಳು. 26 ವರ್ಷ ಅಂತ ನಾನೇ ಹೇಳಬೇಕಾಯಿತು.

ಆ ಅಡಿಗೆಮನೆ ಹೇಗಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ, ಊದುಗೊಳವೆ ಹಿಡಿದು ಅಮ್ಮನ ಪಕ್ಕ ಕೂರುತ್ತಿದ್ದವಳು ನೀನೇ. ನಾನು ಹೇಳಬೇಕಾದ್ದು ಜಗಲಿ ಕಡೆಯ ಕಥೆ. ಆಷಾಢದ ಮಳೆ, ಹಸಿ ಸೌದೆ, ನಾನು ಪೇಪರ್ ಓದುತ್ತಾ ಕೂತಲ್ಲಿಂದಲೇ "ಬಾಗಿಲು ಹಾಕ್ಕೊಳ್ಳೇ, ಇಲ್ಲಿಗೆಲ್ಲ ಹೊಗೆ ಬರ್ತಿದೆ" ಅಂತ ಕೂಗುತ್ತಿದ್ದೆ. ಬಾಗಿಲು ಮುಚ್ಚುತ್ತಿತ್ತು. ಒಂದು ದಿನವೂ ಅವಳು ಎದುರು ಮಾತಾಡಲಿಲ್ಲ. ಬಾಗಿಲ ಹಿಂದೆ ಎರಡು ಕೆಮ್ಮು ಕೇಳುತ್ತಿತ್ತು, ಒಂದು ದೊಡ್ಡದು, ಒಂದು ಚಿಕ್ಕದು. ನಾನು ಪುಟ ತಿರುವುತ್ತಿದ್ದೆ.

ಗ್ಯಾಸ್ ಇರಲಿಲ್ಲ ಅಂತಲ್ಲ. 2003ರಲ್ಲೇ ಬಂತು, ನೆಂಟರ ಕಾಫಿಗೆ ಅಂತ ಎತ್ತಿಟ್ಟೆ. ತೋಟದಲ್ಲಿ ಸೌದೆ ಪುಕ್ಕಟೆ ಬಿದ್ದಿರುವಾಗ ಸಿಲಿಂಡರ್‌ಗೆ ದುಡ್ಡು ಯಾಕೆ ಅಂತ ನನ್ನ ಲೆಕ್ಕ. ಸೌದೆ ಒಲೆಯ ಅನ್ನದ ರುಚಿಯೇ ಬೇರೆ ಅಂತ ಬೇರೆ ಹೇಳುತ್ತಿದ್ದೆ. ತಪ್ಪಾಯ್ತು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ, ನನ್ನ ಧೈರ್ಯ ನೋಡು.

ಈಗ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳು. ಹೊಗೆ ಒಲೆಯದಾದರೇನು, ಲಾರಿಯದಾದರೇನು, ಗದ್ದೆಯ ಕೂಳೆ ಸುಟ್ಟದ್ದಾದರೇನು. ಹೊಗೆಯಲ್ಲಿ ತೇಲುವ ಸಣ್ಣ ಕಣಕ್ಕೆ ಪಿಎಂ 2.5 ಅಂತಾರಲ್ಲ, ಅದು ತಲೆಕೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲು. ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. ಬರೀ ಕೆಮ್ಮಲ್ಲ ಪುಟ್ಟೀ, ಹೃದಯಾಘಾತ, ಲಕ್ವ ಎಲ್ಲಕ್ಕೂ ಅದು ದಾರಿ. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ನಮ್ಮ ದೇಶದ ಮಿತಿಯೇ 40, ದೆಹಲಿಯಲ್ಲಿ 100ರ ಆಸುಪಾಸು. ಚಳಿಗಾಲದಲ್ಲಿ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೆ ಹೋಗಲು ಬಿಡುವುದಿಲ್ಲ, ಅದಕ್ಕೇ ಬೆಳಗಿನ ವಾಕಿಂಗ್ ಬಿಡು. ಬಟ್ಟೆ ಮಾಸ್ಕ್ ಸಾಲದು, ಎನ್95 ತಗೋ. ನಿನ್ನ ಉಬ್ಬಸ ಎಂಟನೇ ಕ್ಲಾಸಿಗೇ ನಿಂತಿತು ಅಂತ ಸುಮ್ನೆ ಇರಬೇಡ, ಇನ್ಹೇಲರ್ ಬ್ಯಾಗಲ್ಲಿರಲಿ. ಗಾಳಿ ಜಾಸ್ತಿ ಕೆಟ್ಟ ದಿನ ಕಿಟಕಿ ಬಾಗಿಲು ಹಾಕ್ಕೋ.

ನೋಡು, ಮತ್ತೆ ಬಾಗಿಲು ಹಾಕ್ಕೋ ಅಂತಲೇ ಅಂತಿದ್ದೇನೆ.

ಹೋಗು. ನಮ್ಮ ಮನೆಯಿಂದ ಅಷ್ಟು ದೂರ ಕೆಲಸಕ್ಕೆ ಹೊರಟವಳು ನೀನೇ ಮೊದಲು. ನಿನಗೆ ಬೈದ ಮಾರನೇ ದಿನವೇ ಸೊಸೈಟಿಯಲ್ಲಿ ನಾಲ್ಕು ಜನಕ್ಕೆ ಹೇಳಿ ಬಂದೆ.

ಅಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಗ್ಯಾಸ್ ಒಲೆಯಲ್ಲೇ ಹುರಿದದ್ದು. ಬಚ್ಚಲೊಲೆಗೆ ಬೆಂಕಿ ಹಾಕುವುದು ಈಗ ನನ್ನ ಕೆಲಸ. ನಿನ್ನೆ ಮಳೆಗೆ ಸೌದೆ ನೆನೆದಿತ್ತು, ಅರ್ಧ ಗಂಟೆ ಊದಿದೆ, ಕಣ್ಣು ಇನ್ನೂ ಉರಿಯುತ್ತಿದೆ.

ಅಪ್ಪ