ಲೈನ್ ಮನೆಯ ಸಂಜೆ ಪಾಠಕ್ಕೆ ಸೂರು ಬೇಕು

ಆತ್ಮೀಯರೇ,

ಕಳೆದ ವಾರದ ಗಾಳಿಮಳೆಗೆ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಊರಿನ ಚಾಂಪಿಯನ್ ರೀಫ್ಸ್‌ನ ನಮ್ಮ ಸಂಜೆ ಪಾಠದ ಮನೆಯ ಸೂರು ಹಾರಿಹೋಯಿತು. ಆರು ಶೀಟು ಎದುರು ಲೈನಿನ ನಲ್ಲಿ ಹತ್ತಿರ ಬಿದ್ದಿದ್ದವು. ಪುಣ್ಯಕ್ಕೆ ಭಾನುವಾರ, ಮಕ್ಕಳಿರಲಿಲ್ಲ.

ಈ ಮನೆ ನಿಮಗೆ ಗೊತ್ತಿರುವುದೇ. ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಎರಡು ಲೈನ್ ಮನೆಗಳ ನಡುಗೋಡೆ ಒಡೆದು ಮಾಡಿದ್ದು. ಒಂದೊಂದೂ ಹತ್ತಡಿ ಚಿಲ್ಲರೆ. ಅಷ್ಟರಲ್ಲೇ ಏಳೆಂಟು ಜನ ಮಲಗುತ್ತಿದ್ದರು. ಒಬ್ಬರು ರಾತ್ರಿ ಪಾಳಿಗೆ ಹೋದರೆ ಇನ್ನೊಬ್ಬರಿಗೆ ಕಾಲು ಚಾಚಲು ಜಾಗ. ಕೆಳಗೆ ಗಣಿಯಲ್ಲಿ ಏರ್ ಬ್ಲಾಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಗೂಡಿನಲ್ಲಿದ್ದ ಲೋಟ ಉರುಳುತ್ತಿತ್ತು, ಹೆಂಗಸರು ಒಲೆ ಮೇಲಿನ ಅನ್ನ ಬಿಟ್ಟು ಗಣಿಗೆ ಇಳಿಯುವ ಶಾಫ್ಟ್ ಕಡೆ ಓಡುತ್ತಿದ್ದರು. ಆಗಿನ ಬಿರುಕೊಂದು ಇವತ್ತಿಗೂ ಗೋಡೆಯಲ್ಲಿದೆ. ಸಿಮೆಂಟ್ ಮೆತ್ತುತ್ತೇವೆ, ಮತ್ತೆ ಬಿಡುತ್ತದೆ.

1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೋಯಿತು. ನಮ್ಮ ತಾತಂದಿರು ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದವರು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ನಮ್ಮ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಬಂದಿತ್ತು! ಇದನ್ನು ಹೇಳದೆ ನಮ್ಮೂರಿನವರ ಯಾವ ಪತ್ರವೂ ಮುಗಿಯುವುದಿಲ್ಲ, ಕ್ಷಮಿಸಿ. ಮನೆಯಲ್ಲಿ ಉಳಿದದ್ದು ಮಾತ್ರ ಮೊಳೆಗೆ ನೇತುಹಾಕಿದ ತಾತನ ಹೆಲ್ಮೆಟ್ಟು, ಮತ್ತೆ ಆ ದೂಳಿನ ಕೆಮ್ಮು.

ಈಗ ಅಪ್ಪಂದಿರು ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ, ರಾತ್ರಿ ಇಳಿಯುತ್ತಾರೆ. ಅಲ್ಲಿಯವರೆಗೆ ಮಕ್ಕಳು ನಮ್ಮ ಹತ್ತಿರ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಕಷ್ಟ ಅಲ್ವಾ? ಆದರೂ ಹೋದ ವರ್ಷ ಎಸ್ಸೆಸ್ಸೆಲ್ಸಿಗೆ ಕೂತ ನಮ್ಮವರೆಲ್ಲ ಪಾಸು. ಒಬ್ಬಳು ನರ್ಸಿಂಗ್ ಸೇರಿದ್ದಾಳೆ.

ಸದ್ಯಕ್ಕೆ ಟಾರ್ಪಾಲ್ ಕಟ್ಟಿದ್ದೇವೆ. ಮಳೆ ಬಂದರೆ ಅದು ಹೊಟ್ಟೆ ಬಿಟ್ಟುಕೊಂಡು ಜೋಲುತ್ತದೆ. ಏಳನೇ ಕ್ಲಾಸಿನ ಹುಡುಗ ಲೆಕ್ಕ ಬಿಟ್ಟು ಕೋಲಿನಿಂದ ನೀರು ತಳ್ಳುತ್ತಾ ನಿಲ್ಲುತ್ತಾನೆ. ಕೆಳಗೆ ಕೂತವರ ಪುಸ್ತಕ ಒದ್ದೆ.

ಕಬ್ಬಿಣದ ಪೈಪು, ಶೀಟು, ಕೂಲಿ ಸೇರಿ ಎರಡೂವರೆ ಲಕ್ಷ ಅಂದಿದ್ದಾರೆ ಮೇಸ್ತ್ರಿ. ಮೂರೂ ಆಗಬಹುದು. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ಮುಗಿಯಬೇಕು. ದುಡ್ಡು ಆಗದಿದ್ದರೆ ಒಂದು ಶೀಟು ಕೊಡಿಸಿ. ವೆಲ್ಡಿಂಗ್ ಬಲ್ಲವರು ಒಂದು ಭಾನುವಾರ ಬನ್ನಿ, ಊಟ ನಮ್ಮದು. ದಾನಿಗಳ ಹೆಸರಿನ ಕಲ್ಲು ಹಾಕಿಸಲು ಮಾತ್ರ ಗೋಡೆ ಸಾಲದು.

ಸಂಜೆ ಐದರ ಮೇಲೆ ನಾವು ಅಲ್ಲೇ ಇರುತ್ತೇವೆ, ರಸೀದಿ ಪುಸ್ತಕವೂ ಇರುತ್ತದೆ.

ಇಂತಿ,
ಟ್ರಸ್ಟಿಗಳು