ಗೊರಿಲ್ಲಾ ಜೊತೆ ಸೆಲ್ಫಿ ಬೇಡ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಉಗಾಂಡಾದ ಬ್ವಿಂಡಿ ಕಾಡಿನ ಗೊರಿಲ್ಲಾ ಟ್ರೆಕ್ಕಿಂಗ್ ಬಗ್ಗೆ ಬಂದ ಲೇಖನ ಓದಿ ಖುಷಿ ಆಯ್ತು, ಆದ್ರೆ ಜೊತೆಗಿದ್ದ ಫೋಟೋ ನೋಡಿ ತುಂಬಾ ಬೇಜಾರಾಯ್ತು. ಮಾಸ್ಕ್ ಇಲ್ದೆ, ಗೊರಿಲ್ಲಾಗೆ ಬೆನ್ನು ಕೊಟ್ಟು, ಕೈ ಚಾಚಿದ್ರೆ ಸಿಗೋಷ್ಟು ಹತ್ರ ನಿಂತು ಸೆಲ್ಫಿ!

ನಾನೂ ಅಲ್ಲಿಗೆ ಹೋಗಿ ಬಂದಿದೀನಿ. ಬೆಳಿಗ್ಗೆ ಹೊರಡೋ ಮುಂಚೆನೇ ರೇಂಜರ್ ಹೇಳ್ತಾರೆ, ನೆಗಡಿ ಕೆಮ್ಮು ಇರೋರು ಬರಬೇಡಿ ಅಂತ. ಒಂದು ಗೊರಿಲ್ಲಾ ಗುಂಪು ನೋಡೋಕೆ 8 ಜನ, ಒಂದೇ ಗಂಟೆ. ದೂರ ಮೊದ್ಲು 7 ಮೀಟರ್ ಇತ್ತು, ಕೋವಿಡ್ ಬಂದ್ಮೇಲೆ 10 ಮಾಡಿದ್ರು. ಟ್ರ್ಯಾಕರ್‌ಗಳು ನಮಗಿಂತ ಮುಂಚೆ ಹೋಗಿ ಗೊರಿಲ್ಲಾ ಹಿಂದಿನ ರಾತ್ರಿ ಮಲಗಿದ್ದ ಸೊಪ್ಪಿನ ಗೂಡು ಹುಡುಕಿ ಅಲ್ಲಿಂದ ಜಾಡು ಹಿಡೀತಾರೆ, ನಾವು ಕೆಸರಲ್ಲಿ ಜಾರ್ಕೊಂಡು, ಬಳ್ಳಿ ಸರಿಸ್ಕೊಂಡು ಹಿಂದೆ ಹೋಗ್ಬೇಕು. ಅಷ್ಟು ಕಷ್ಟಪಟ್ಟು, ಪರ್ಮಿಟ್‌ಗೆ 800 ಡಾಲರ್ ಕೊಟ್ಟು ಹೋದ್ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ ಅನ್ಸುತ್ತೆ, ನಿಜ. ಆದ್ರೆ ಹೋಗ್ಬಾರ್ದು.

ಯಾಕಂದ್ರೆ ಈ ಗೊರಿಲ್ಲಾ ಗುಂಪುಗಳು ಮನುಷ್ಯರನ್ನ ಕಂಡ್ರೆ ಓಡದೇ ಇರೋ ಹಾಗೆ ರೇಂಜರ್‌ಗಳು ಎರಡು ಮೂರು ವರ್ಷ ದಿನಾ ಹೋಗಿ ಅಭ್ಯಾಸ ಮಾಡಿಸಿರ್ತಾರೆ. ಹೆದರಿಕೆ ಹೋಯ್ತು, ಆದ್ರೆ ನಮ್ಮ ಕಾಯಿಲೆ ತಡ್ಕೊಳ್ಳೋ ಶಕ್ತಿ ಬರ್ಲಿಲ್ಲ. ನಮಗೆ ಬರೀ ನೆಗಡಿ ಅನ್ಸೋದು ಅವಕ್ಕೆ ನ್ಯುಮೋನಿಯಾ ಆಗಿ ಜೀವನೇ ತೆಗೀಬಹುದು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಬಂದು ಮರಿ ಸತ್ತೋಯ್ತು, ಉಗಾಂಡಾದ ಪಶುವೈದ್ಯೆ ಡಾಕ್ಟರ್ ಗ್ಲಾಡಿಸ್ ಕಲೆಮಾ-ಝಿಕುಸೋಕಾ ಅವರ ತಂಡ ಔಷಧಿ ಕೊಟ್ಟು ಉಳಿದವನ್ನ ಉಳಿಸ್ತು. ಜನರ ಬಟ್ಟೆಯಿಂದ ಬಂದಿರ್ಬೇಕು ಅಂತ ಆಮೇಲೆ ಅಂದಾಜು ಮಾಡಿದ್ರು. ಮರಿಗಳಂತೂ ಕುತೂಹಲಕ್ಕೆ ತಾವೇ ಹತ್ರ ಬರ್ತವೆ, ಆಗ ಹಿಂದೆ ಸರಿಯೋದು ನಮ್ಮ ಕೆಲ್ಸ.

2018-19ರಲ್ಲಿ ಪ್ರಕಟವಾದ ಗಣತಿ ಪ್ರಕಾರ ಉಗಾಂಡಾ, ರುವಾಂಡಾ, ಕಾಂಗೋ ಮೂರೂ ಕಡೆ ಸೇರಿ ಈ ಬೆಟ್ಟದ ಗೊರಿಲ್ಲಾಗಳು (ಮೌಂಟನ್ ಗೊರಿಲ್ಲಾ) ಇದ್ದಿದ್ದು 1,063 ಮಾತ್ರ, ಅದೂ ಎಷ್ಟೋ ವರ್ಷ ಕಾಪಾಡಿದ್ಮೇಲೆ ಏರಿದ ಸಂಖ್ಯೆ. ಅದಕ್ಕೇ ಕೇಳ್ಕೊಳ್ತೀನಿ, ಅಷ್ಟು ಹತ್ರ ನಿಂತು ತೆಗೆದ ಫೋಟೋ ದಯವಿಟ್ಟು ಹಾಕ್ಬೇಡಿ, ನೋಡಿದವರಿಗೆಲ್ಲ ಹಾಗೇ ತೆಗಿಸ್ಕೋಬೇಕು ಅನ್ಸುತ್ತೆ. ಹಾಕೋದಾದ್ರೆ ದೂರದಿಂದ ತೆಗೆದಿದ್ದು ಹಾಕಿ, ಪಕ್ಕದಲ್ಲೇ ಮಾಸ್ಕ್, ದೂರದ ನಿಯಮಾನೂ ಎರಡು ಸಾಲಲ್ಲಿ ಬರೀರಿ.

ಇಂತಿ,
ನಿಮ್ಮ ಓದುಗ, ಮೈಸೂರು